ಒಗ್ಗರಣೆ ಹಾಕದ ಮೂರು ದಿನ

ಮೊಮ್ಮಗಳಿಗೆ ಗಂಡುಮಗು ಹುಟ್ಟಿದೆ. ನನ್ನ ಸಂತೋಷ ಎರಡು ಕೈಯಲ್ಲಿ ಹಿಡಿಯೋಕಾಗಲ್ಲ. ಓದಿದ್ದು ಎರಡೇ ಕ್ಲಾಸಾದರೂ ಬರೆಯೋಕೆ ಕೂತಿದೀನಿ. ಇವತ್ತು ಮಗೂಗೆ ಹೊಸ ಉಣ್ಣೆ ಟೋಪಿ ಹಾಕಿ ನೆತ್ತಿ ಮೂಸಿದೆ. ಆ ಉಣ್ಣೆ ವಾಸನೆಗೆ, ನಾನು ಚಿಕ್ಕವಳಿದ್ದಾಗ ಗೌನಿಪಲ್ಲೀಲಿದ್ದ ಪಕ್ಕದ ಮನೆ ದೊಡ್ಡಮ್ಮ ಎದ್ದು ಬಂದಂಗಾಯಿತು… ಇಂಗ್ಲಿಷರ ಮಿಲಿಟ್ರಿಗೆ ಹೋದ ಒಬ್ಬನೇ ಮಗ ಬಿಟ್ಟುಹೋದ ಮಫ್ಲರನ್ನು ಅವಳು ಬೇಸಿಗೇಲೂ ಹೆಗಲಿಂದ ಇಳಿಸುತ್ತಿರಲಿಲ್ಲ.

ಅವಳಿಗೂ ಗೋಡೆಯಾಚೆಯ ಮೈದುನನಿಗೂ ಒಂದು ಮಾವಿನ ಮರದ ಜಗಳ. ಎಷ್ಟೋ ವರ್ಷದಿಂದ ಮಾತಿಲ್ಲ. ಮೈದುನನಿಗೆ ಮಕ್ಕಳಿರಲಿಲ್ಲ. ಆ ವಂಶದಲ್ಲಿ ಉಳಿದಿದ್ದು ಇವೆರಡೇ ಮನೆ.

ಯುದ್ಧದ ಕಾಲ. ಒಂದು ದಿನ ಪೋಸ್ಟಿನವನು ಜಗಲಿಯಲ್ಲಿ ಕೂತು ಮಗನ ಕಾಗದ ಓದಿದ. ಪರ್ಷಿಯಾದಲ್ಲಿದ್ದಾನಂತೆ. ಹಿಂದೆ ಇಂಗ್ಲಿಷರೂ ರಷ್ಯಾದವರೂ ಹಾವು ಮುಂಗುಸಿ. ಈಗ ಜರ್ಮನಿಯವನಿಗೆ ಹೆದರಿ ಒಂದಾಗಿದ್ದಾರೆ, ಒಂದೇ ರಸ್ತೆಯನ್ನು ಇಬ್ಬರ ಸೈನ್ಯವೂ ಕಾಯುತ್ತಿದೆ, ರಷ್ಯಾದ ಸಿಪಾಯಿ ನನಗೆ ಟೀ ಕೊಟ್ಟ ಅಂತ ಬರೆದಿದ್ದ.

ದೊಡ್ಡಮ್ಮ ಗೋಡೆ ಕಡೆ ತಿರುಗಿ ಕೂಗಿದಳು. "ಕೇಳಿಸ್ತೇನಯ್ಯಾ? ಅಷ್ಟು ದೊಡ್ಡ ರಾಜರೇ ಒಂದಾದ್ರಂತೆ, ನಮ್ಗೇನು ಬಂದಿರೋದು ರೋಗ? ಕಣದಲ್ಲಿ ರಾಗಿ ಕದೀತಾವ್ರೆ, ಸರದಿ ಮೇಲೆ ಕಾಯೋಣ ಬಾ."

ಅತ್ತಿಗೇನ ಅವನು ತೆಲುಗಿನಲ್ಲಿ ವದಿನಾ ಅಂತಿದ್ದ. "ನೀನು ಇಂಗ್ಲಿಷರವಳೋ ರಷ್ಯಾದವಳೋ, ಮೊದ್ಲು ಅದು ಹೇಳು ವದಿನಾ!"

ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅವತ್ತಿಂದ ಇಬ್ಬರೂ ಕಣ ಕಾದರು. ಗೋಡೆ ಮೇಲೆ ಸಾರಿನ ಬಟ್ಟಲು ಓಡಾಡಿತು. ಹಳೇ ವೈರಿಗಳೇ ಒಂದಾದ ಮೇಲೆ ಯುದ್ಧ ಇನ್ನೆಷ್ಟು ದಿನ, ಮಗ ಬಂದೇ ಬರ್ತಾನೆ ಅಂತ ಅವಳ ನಂಬಿಕೆ.

ಆಮೇಲೆ ಒಂದು ಸಲ ಮೂರು ದಿನ ಬಟ್ಟಲು ಬರಲಿಲ್ಲ… ದೊಡ್ಡಮ್ಮ ಗೋಡೆ ಹತ್ತಿರ ಹೋಗಿ ನಿಂತಳು.

"ಏನಯ್ಯಾ, ನಿಮ್ಮನೇಲಿ ಒಗ್ಗರಣೆ ವಾಸನೇನೇ ಇಲ್ಲ. ಹಣೇಲಿ ನಾಮಾನೂ ಇಲ್ಲ. ಯಾರು ಹೋದ್ರು?"

ನಮ್ಮ ಕಡೆ ಸೂತಕದ ಮನೇಲಿ ಒಗ್ಗರಣೆ ಹಾಕಲ್ಲ, ಹಣೆಗೆ ನಾಮ ಇಡಲ್ಲ. ದಾಯಾದಿಗಳಲ್ಲಿ ಯಾರು ಸತ್ತರೂ ಎರಡು ಮನೆಗೂ ಸೂತಕ. ಅವಳು ಹೊಲಕ್ಕೆ ಹೋಗಿದ್ದಾಗ ಮಿಲಿಟ್ರಿಯಿಂದ ಬಂದ ತಂತಿ ಅವನ ಕೈಗೆ ಸಿಕ್ಕಿತ್ತು. ಹೇಳೋಕೆ ಬಾಯಿ ಬರದೆ ಮುಚ್ಚಿಟ್ಟಿದ್ದ. ಆದರೆ ಹುಡುಗನ ಸೂತಕ ತಪ್ಪಿಸೋಕೆ ಮನಸ್ಸು ಬಂದಿರಲಿಲ್ಲ.

ಅವನ ಕಣ್ಣು ಅವಳ ಹೆಗಲ ಮೇಲಿನ ಮಫ್ಲರಿಗೆ ಹೋಯಿತು. ಅವಳು ಒಳಗೆ ಹೋಗಿ ಒಲೆ ಮೇಲಿನ ಸಾರು ಚೆಲ್ಲಿದಳು. ಬಾವಿಕಟ್ಟೆಯಲ್ಲಿ ಕೂತು ಸೀರೆ ಸಮೇತ ಕೊಡ ಕೊಡ ನೀರು ತಲೆ ಮೇಲೆ ಸುರಿದುಕೊಂಡಳು…

ಇಲ್ಲಿ ಮಗೂನ ಎತ್ತಿಕೊಳ್ಳೋಕೆ ನಾನು ತಾನು ಅಂತ ಮನೆಯವರೆಲ್ಲ ಕಿತ್ತಾಡ್ತಿದಾರೆ. ಅವಳ ವಂಶದವರು ಅಂತ ತೋರಿಸೋಕೆ ಗೌನಿಪಲ್ಲೀಲಿ ಈಗ ಒಂದು ಕೂಸೂ ಇಲ್ಲ.