ಹಳೆಯ ಅಳತೆಯ ಸ್ತೋತ್ರ

ಕುಳಿತಲ್ಲಿ ಕೂರುವ ಯೋಗ ದರ್ಜಿಯ ಹಣೆಯಲ್ಲಿ ಬರೆದಿರಲಿಲ್ಲ. ಹೊಲಿಯಲು ಬಟ್ಟೆ ಇಲ್ಲದಾಗಲೂ ಅವನ ಕಾಲು ಯಂತ್ರವನ್ನು ತುಳಿಯುತ್ತಲೇ ಇರುತ್ತಿತ್ತು. ಆ ಯಂತ್ರಕ್ಕೆ ಗಾಲಿ ಕಟ್ಟಿದ್ದರೆ ಅಂಗಡಿ ಸಮೇತ ಮೂರು ಸಲ ಭೂಮಿ ಸುತ್ತಿ ಬಂದಿರುತ್ತಿದ್ದ. ವಾರವಿಡೀ ಬಟ್ಟೆ, ಭಾನುವಾರ ಚರ್ಚಿನ ಆರ್ಗನ್. ನಡುವೆ ಹದಿನೆಂಟು ವರ್ಷಗಳಿಂದ ಒಂದೇ ಹುಚ್ಚು: ದೇವರಿಗೆ ಕೃತಜ್ಞತೆ ಹೇಳುವ ಆ ಪುರಾತನ ಸ್ತೋತ್ರಕ್ಕೆ ತಾನೂ ಒಂದು ರಾಗ ಹಾಕಬೇಕು.

ರಾಗ ಹಾಕಿದವರಿಗೇನು ಬರವೇ? ಯುದ್ಧ ಗೆದ್ದ ದೊರೆಗಳಿಗಾಗಿ ತುತ್ತೂರಿ ನಗಾರಿ ಸೇರಿಸಿ ಬರೆದವರಿದ್ದರು, ಬರೀ ಕಂಠಕ್ಕೆಂದು ಮೆಲ್ಲಗೆ ಬರೆದವರಿದ್ದರು, ನೂರಾರು ಜನ ಹಾಡುಗಾರರಿಲ್ಲದೆ ಬಾಯೇ ತೆರೆಯದಂಥದನ್ನು ಕಟ್ಟಿದವರೂ ಇದ್ದರು. ಅವರೆಲ್ಲರ ಪುಸ್ತಕ ತರಿಸಿ, ಅಂಗಿಯ ಹೊಲಿಗೆ ಬಿಚ್ಚಿ ನೋಡುವಂತೆ ಸಾಲು ಸಾಲನ್ನೂ ಬಿಚ್ಚಿ ನೋಡಿದ್ದ. "ಅವರು ದೊರೆಗಳಿಗೆ ಬರೆದ್ರು. ನಾನು ನಮ್ಮಕ್ಕನಿಗೆ ಬರೀತೀನಿ," ಎನ್ನುತ್ತಿದ್ದ.

ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ, ಸೂಜಿಗೆ ದಾರ ಪೋಣಿಸುವುದನ್ನೂ ಸ್ವರ ಓದುವುದನ್ನೂ ಕಲಿಸಿದವಳು ಅಕ್ಕ. ಚರ್ಚಿನ ಹಾಡುಗಾರರಲ್ಲಿ ಮೊದಲ ದನಿ ಅವಳದು. ಹಿಂದೆ ಅವಳು ಮೇಲಿನ ಸ್ವರ ಹಿಡಿದರೆ ಗೋಪುರದ ಪಾರಿವಾಳಗಳು ಪಕ್ಕದ ಊರಿಗೆ ವಲಸೆ ಹೋಗುತ್ತಿದ್ದವು. ಉತ್ಪ್ರೇಕ್ಷೆಯಲ್ಲ, ಎರಡು ಇನ್ನೂ ಮರಳಿಲ್ಲ.

ಹಾಡು ಮಾತ್ರ ಮುಗಿಯಲೊಲ್ಲದು. ತಿದ್ದಿದ ಸಾಲನ್ನು ದರ್ಜಿ ಚೀಟಿಯಲ್ಲಿ ಬರೆದು, ಹಳೆಯದರ ಮೇಲೆ ದಾರದಲ್ಲಿ ಹೊಲಿದುಬಿಡುತ್ತಿದ್ದ. ಪುಟಗಳು ಕೌದಿಯಷ್ಟು ದಪ್ಪವಾಗಿದ್ದವು.

ಒಂದು ದಿನ ಅಕ್ಕ ಅಂಗಡಿಗೆ ಬಂದಳು. ಗಂಟಲಲ್ಲಿ ಗಂಟು, ಸೋಮವಾರ ಆಪರೇಷನ್, ಆಮೇಲೆ ಹಾಡಲು ದನಿ ಇರುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.

"ಈ ಭಾನುವಾರ ಹಾಡ್ತೀನಿ. ಕೊಡು."

"ಕೊನೇ ಸಾಲು ಒಂಚೂರು..."

"ಒಂಚೂರು ಒಂಚೂರು ಅಂತಲೇ ನಿನ್ನ ತಲೆ ನರೆತೋಯ್ತು ಕಣೋ."

ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ಅಭ್ಯಾಸ. ಎಲ್ಲ ಸರಾಗವಾಗಿ ಸಾಗಿ, ಕೊನೆಯ ಸಾಲಿನ ತುತ್ತತುದಿಯ ಸ್ವರದಲ್ಲಿ ಅಕ್ಕನ ದನಿ ಒಡೆಯಿತು. ಮತ್ತೆ ಹಾಡಿದಳು, ಮತ್ತೆ ಒಡೆಯಿತು. ದರ್ಜಿ ಎದ್ದು ಬಾಗಿಲವರೆಗೆ ಹೋಗಿ ಬಂದ. ಇನ್ನೊಮ್ಮೆ ಹೋಗಿ ಬಂದ.

"ಆ ಗಂಟಿನದೇ ಕಾಟ," ಎಂದ.

"ಗಂಟು ಬಂದು ಎರಡು ತಿಂಗಳು. ಈ ಸ್ವರ ನನ್ನ ಬಿಟ್ಟು ಹತ್ತು ವರ್ಷ ಆಯ್ತು. ಗಿರಾಕಿ ಬಂದಾಗೆಲ್ಲ ಹೊಸದಾಗಿ ಟೇಪು ಹಿಡೀತೀಯಲ್ಲ, ನನ್ನ ಅಳತೆ ಯಾವಾಗ ತಗೊಂಡಿದ್ದೆ?"

ದರ್ಜಿಯ ಮುಖ ಇಸ್ತ್ರಿ ತಾಗಿ ಸುಟ್ಟ ರೇಷ್ಮೆಯಂತಾಯಿತು. ಏಳುನೂರು ಚೀಟಿ ಹೊಲಿದಿದ್ದ, ಅಷ್ಟೂ ಹದಿನೆಂಟು ವರ್ಷದ ಹಿಂದಿನ ಅಕ್ಕನಿಗೆ.

"ಇಡೀ ಹಾಡಿನ ಶ್ರುತಿ ಇಳಿಸಿಬಿಡ್ಲಾ?"

"ಇಳಿಸಿದ್ರೆ ಕೆಳದನಿ ಗಂಡಸರು ಬಾವಿಗಿಳಿದು ಹಾಡ್ಬೇಕು. ಕೊನೇ ಸಾಲೊಂದನ್ನೇ ಕತ್ತರಿಸು."

"ಅಕ್ಕ, ಅದೇ ಹಾಡಿನ ಕಿರೀಟ!"

"ತಲೆ ಮೇಲೆ ನಿಲ್ಲದ ಕಿರೀಟ ಇಟ್ಕೊಂಡು ಏನ್ ಮಾಡ್ಲಿ?"

ದರ್ಜಿ ಆರ್ಗನ್ನಿನ ಮುಂದೆ ಕುಳಿತು, ಕೆಳಗಿನಿಂದ ಒಂದೊಂದೇ ಸ್ವರ ಒತ್ತುತ್ತ ಹೋದ. ಅಕ್ಕ ಹಾಡುತ್ತ ಬಂದು, ಕಷ್ಟವಾದಲ್ಲಿ ಕೈ ಎತ್ತಿದಳು. ಆರ್ಗನ್ನಿನ ಆ ಸ್ವರದ ಮನೆಯ ಮೇಲೆ ಅವನು ಸೀಮೆಸುಣ್ಣದ ಗೆರೆ ಎಳೆದ. ಆಮೇಲೆ ಕೊನೆಯ ಸಾಲಿಗೆ ಕತ್ತರಿ ಹಾಕಿದ. ಚೀಟಿಗಳು ಪದರು ಪದರಾಗಿ ನೆಲಕ್ಕೆ ಬಿದ್ದವು. ಆ ಗೆರೆ ದಾಟದಂತೆ ಸಾಲನ್ನು ಹೊಸದಾಗಿ ಬರೆದ, ಮೊಣಕಾಲು ಕುಣಿಸುತ್ತಲೇ.

ಭಾನುವಾರ ಹಾಡಿದರು. ಕೊನೆಯ ಸಾಲು ಮೇಲೇರಲಿಲ್ಲ. ಅಕ್ಕನಿಗೆ ಹಿತವಾದ ಎತ್ತರದಲ್ಲೇ ನಿಂತಿತು, ಅವಳು ಅಲ್ಲಿ ಬೇಕಾದಷ್ಟು ಹೊತ್ತು ನಿಂತಳು. ದರ್ಜಿಗೆ ಎದುರಿನ ಪುಟ ಮಂಜಾಗಿ ಕಂಡಿತು.

ಮುಗಿದ ಮರುಗಳಿಗೆಯೇ ಅವನಿಗೆ ಎರಡನೆಯ ಪುಟದಲ್ಲೊಂದು ಕುಂದು ಹೊಳೆಯಿತು. ಅಷ್ಟರಲ್ಲಿ ಅಕ್ಕ ಪುಟಗಳನ್ನೆಲ್ಲ ಆಸ್ಪತ್ರೆಯ ಚೀಲಕ್ಕೆ ತುರುಕಿದ್ದಳು.

"ಅಕ್ಕ, ಒಂದೇ ಒಂದು ಸ್ವರ..."

"ಇನ್ನು ಇದು ನಂದು. ಮುಟ್ಟಿದ್ರೆ ನೋಡು."

ಸೋಮವಾರ ಆಪರೇಷನ್ ಕೋಣೆಯ ಹೊರಗೆ ಅವನು ಶತಪಥ ಹಾಕಿದ್ದು ನೋಡಿ ನರ್ಸು, "ಕೂತ್ಕೊಳ್ಳಿ ಅಣ್ಣ, ನೆಲ ಸವೆದು ಕೆಳಗಿನ ಮಹಡಿಗೆ ಬಿದ್ದೀರಿ," ಎಂದಳು. ಕುಳಿತ. ಅಕ್ಕನ ಚೀಲ ಮಡಿಲಲ್ಲಿತ್ತು, ಪೆನ್ಸಿಲು ಜೇಬಿನಲ್ಲಿ. ಜಿಪ್ಪನ್ನು ನಾಲ್ಕು ಬೆರಳಷ್ಟು ತೆರೆದ. ಮತ್ತೆ ಎಳೆದು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟು, ಬಾಗಿಲನ್ನೇ ನೋಡತೊಡಗಿದ.