ಆಮೇಲಮ್ಮನ ಸೌರಕೋಶ

ನಮ್ಮಕ್ಕನಿಗೆ ಇಟ್ಟ ಹೆಸರು ಬೇರೆ, ಕರೆಯುವ ಹೆಸರು ಆಮೇಲಮ್ಮ. ಏನು ಕೇಳಿದರೂ “ಆಮೇಲೆ ಹೇಳ್ತೀನಿ” ಎನ್ನುತ್ತಾಳೆ. ಇನ್ನೊಂದಿಷ್ಟು ಬಡಿಸಲಾ ಎಂದು ಅಮ್ಮ ಕೇಳಿದರೆ, ಉತ್ತರ ಬರುವಷ್ಟರಲ್ಲಿ ಪಾತ್ರೆ ತೊಳೆದಾಗಿರುತ್ತದೆ. ನಾನೋ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ಬೈಸಿಕೊಳ್ಳುವವಳು. ಇಬ್ಬರಿಗೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ್ದು ನನ್ನ ಗ್ರಹಚಾರ. ಅವಳು ಸೌರಕೋಶ ಮಾಡುತ್ತಾಳೆ, ನಾನು ಉಗ್ರಾಣ ನೋಡಿಕೊಳ್ಳುತ್ತೇನೆ.

ಅವಳ ಕೋಶ ಮನೆಗಳ ಮೇಲೆ ಕಾಣುವಂಥದ್ದಲ್ಲ. ಗಾಜಿನ ಚೂರಿನ ಮೇಲೆ ಶಾಯಿಯಂತೆ ಬಳಿಯುವ ಇಂಗಾಲದ ಪದಾರ್ಥ. ಬೆಳಕು ಬಿದ್ದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಹುಟ್ಟಿದ್ದನ್ನು ಹೊರಗೆ ದಾಟಿಸಲು ಅಡಿಯಲ್ಲಿ ಸತುವಿನ ಆಕ್ಸೈಡಿನ ತೆಳು ಪದರ ಬೇಕು. ಆ ಪದರಕ್ಕೊಂದು ಕಾಯಿಲೆ. ಬೆಳಕಿಗೆ ಹಿಡಿದ ಕೂಡಲೇ ಕೆಲಸ ಮಾಡುವುದಿಲ್ಲ. ಒಂದು ಟೀ ಕುಡಿಯುವಷ್ಟು ಹೊತ್ತು ಮೈ ಕಾಯಿಸಿಕೊಂಡ ಮೇಲೇ ಚುರುಕಾಗುತ್ತದೆ. ಅಷ್ಟು ವ್ಯವಧಾನವಿಲ್ಲದವರು “ಇದು ಸತ್ತಿದೆ” ಎಂದು ಬುಟ್ಟಿಗೆ ಎಸೆಯುತ್ತಿದ್ದರು. ಅಕ್ಕ ಎತ್ತಿ ಮತ್ತೆ ದೀಪದಡಿ ಇಡುತ್ತಿದ್ದಳು.

ಇದನ್ನೆಲ್ಲ ಅವಳು ಬಿಡಿಸಿ ಹೇಳಿದ್ದು ಒಬ್ಬನಿಗೇ, ನಮಗೆ ಗಾಜು ಕತ್ತರಿಸಿ ತಂದುಕೊಡುವವನಿಗೆ. ಡಬ್ಬಿ ಇಟ್ಟು ಹೋಗುವುದು ಬಿಟ್ಟು ಅವನು ಅವಳ ಮೇಜಿನ ಪಕ್ಕ ನಿಂತು ಏನೋ ಒಂದು ಕೇಳುತ್ತಿದ್ದ. ಉತ್ತರ ಬರುವ ತನಕ ಗಾಜಿನ ಅಂಚು ಒರೆಸುತ್ತಿದ್ದ. ನಮ್ಮಲ್ಲಿದ್ದಷ್ಟು ಸ್ವಚ್ಛವಾದ ಗಾಜು ಇನ್ನೆಲ್ಲೂ ಇರಲಿಕ್ಕಿಲ್ಲ.

ಕೊನೆಗೆ ಅಕ್ಕ ಆ ಪದರಕ್ಕೆ ಚಿಟಿಕೆ ಅಲ್ಯೂಮಿನಿಯಂ ಬೆರೆಸಿ ಕಾಯಿಲೆ ವಾಸಿಮಾಡಿದಳು. ದೀಪ ಹಾಕಿದ್ದೇ ತಡ, ಮೀಟರಿನ ಮುಳ್ಳು ಮೇಲೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಗನ್ನಿಸುತ್ತಿದೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೇಳಿದರು. “ಆಮೇಲೆ ಹೇಳ್ತೀನಿ” ಎಂದಳು.

ಅದೇ ಮಧ್ಯಾಹ್ನ ಗಾಜಿನವನು ಬಂದ.

“ನಮ್ಮ ಸಾಹುಕಾರ್ರು ಬೇರೆ ಊರಲ್ಲಿ ಅಂಗಡಿ ತೆಗೀತಿದಾರೆ. ನನ್ನನ್ನ ಅಲ್ಲಿಗೆ ಹೋಗು ಅಂತಿದಾರೆ. ಅವ್ರಿಗೆ ಇವತ್ತೇ ಹೇಳ್ಬೇಕು. ನೀವು ನನ್ನನ್ನ ಮದುವೆ ಆಗ್ತೀನಿ ಅಂದ್ರೆ ನಾನು ಹೋಗಲ್ಲ. ಆಗ್ತೀರಾ?”

ಅಕ್ಕ ಅವನ ಮುಖ ನೋಡಿದಳು. ಡಬ್ಬಿ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. “ಆಮೇಲೆ” ಎನ್ನುವುದೂ ಬರಲಿಲ್ಲ. ಅವಳಿಗೆ ಅವನೆಂದರೆ ಪ್ರಾಣ ಎಂದು ಉಗ್ರಾಣದ ಇಲಿಗಳಿಗೂ ಗೊತ್ತು. ನನ್ನ ಮೈಯೆಲ್ಲ ಉರಿಯಿತು.

“ಹೇಳೇ! ಬಾಯಿಗೇನು ಬೀಗ ಹಾಕ್ಕೊಂಡಿದೀಯಾ?”

“ಗದರಬೇಡಿ” ಎಂದು ಅವನು ಬಾಗಿಲ ಕಡೆ ನಡೆದ. ಹೊರಟೇಬಿಟ್ಟ ಎಂದುಕೊಂಡೆ. ಅವನು ಅಲ್ಲಿದ್ದ ಸ್ಟೂಲು ಎಳೆದುಕೊಂಡು ಬಂದು ಅವಳೆದುರು ಕೂತ.

“ಆ ಹಳೇ ಕೋಶಕ್ಕೆ ಎಷ್ಟು ಹೊತ್ತು ಬೇಕು ಅಂದಿದ್ರಿ?”

“ಒಂದು ಟೀ ಕುಡಿಯೋಷ್ಟು” ಎಂದೆ ನಾನು. ಕೇಳಿದ್ದು ಅವಳನ್ನು.

“ಹಾಗಾದ್ರೆ ಒಂದು ಟೀ ಕೊಡಿ.”

ಹುಟ್ಟಿದಾಗಿನಿಂದ ಮೊದಲ ಸಲ ನಾನು ಒಂದು ಕೆಲಸ ನಿಧಾನವಾಗಿ ಮಾಡಿದೆ. ಟೀ ತಂದಾಗ ಇಬ್ಬರೂ ಹಾಗೇ ಕೂತಿದ್ದರು. ಅವನು ಒಂದೊಂದೇ ಗುಟುಕು ಕುಡಿದ. ಟೀ ಖಾಲಿಯಾಯಿತು. ಅಕ್ಕನ ಬಾಯಿ ತೆರೆಯಲಿಲ್ಲ. ನನಗೆ ಅಳು ಬಂತು. ಅವನು ಮಾತ್ರ ಖಾಲಿ ಲೋಟ ತುಟಿಗಿಟ್ಟುಕೊಂಡು ಕುಡಿಯುತ್ತಲೇ ಇದ್ದ.

“ಅದ್ರಲ್ಲಿ ಟೀ ಇಲ್ಲ” ಎಂದಳು ಅಕ್ಕ, ತುಂಬ ಹೊತ್ತಾದ ಮೇಲೆ. “ಆಗ್ತೀನಿ.”

ಅವನು ಲೋಟ ಕೆಳಗಿಟ್ಟ.