ಸಾಲಿನಲ್ಲಿ ಕೂತವರಿಗೆಲ್ಲ ಒಂದೊಂದು ಚಮಚ

ಆ ಭಾನುವಾರ ಮಧ್ಯಾಹ್ನ ಕಳಲೆಯ ನಮ್ಮ ನಡುಮನೆಯಲ್ಲಿ ಊಟಕ್ಕೆ ಸಾಲಾಗಿ ಕೂತಿದ್ದವರು ನಾಲ್ವರು: ನಾನು, ನನ್ನ ತಮ್ಮ, ಅವನ ಹೆಂಡತಿ, ನಮ್ಮ ದೊಡ್ಡಪ್ಪ. ಬಡಿಸುತ್ತಿದ್ದವಳು ಅವ್ವ. ಉಪ್ಪು, ಪಲ್ಯ, ಮುದ್ದೆ ಎಲ್ಲ ಎಲೆಗೆ ಬಿದ್ದ ಮೇಲೆ ಅವಳು ನಾಲ್ಕು ಲೋಟ ತಂದು ಒಬ್ಬೊಬ್ಬರ ಮುಂದೆ ಒಂದೊಂದು ಇಟ್ಟಳು. ಮಜ್ಜಿಗೆ ಇರಬೇಕೆಂದು ಎತ್ತಿ ಕುಡಿದೆ. ಗೋಡೆ ಬಳಿಯುವ ನೀರು ಗಂಟಲಿಗಿಳಿದ ಹಾಗಾಯಿತು.

"ಇದೇನವ್ವ?"

"ನಿನ್ ತಮ್ಮನ ಪುಡಿ."

"ಅವನ ಪುಡಿ ನಂಗ್ಯಾಕೆ?"

"ಸಾಲಲ್ಲಿ ಕೂತಿದ್ದೀಯಲ್ಲ, ಅದ್ಕೆ. ಒಬ್ಬರ ಎಲೆಗೆ ಬಡ್ಸಿ ಇನ್ನೊಬ್ಬರ ಎಲೆ ದಾಟ್ಕೊಂಡು ಓಗೋ ಕೆಲ್ಸ ನಾನು ಯಾವತ್ತು ಮಾಡಿವ್ನಿ?"

ದೊಡ್ಡಪ್ಪ ಆಗಲೇ ಲೋಟ ಬರಿದು ಮಾಡಿ ಮೀಸೆ ಒರೆಸಿಕೊಳ್ಳುತ್ತಿದ್ದರು. "ಸುಮ್ನೆ ಕುಡಿಲಾ. ಕುಡಿಯೋವಾಗ ಸುಣ್ಣದ ತಿಳಿ ಇದ್ದಂಗಿರ್ತದೆ. ನಾಕು ದಿನ ಕಳೀಲಿ, ಮಂಡಿ ಅಗುರಾಯ್ತದೆ. ಮೊನ್ನೆ ಭತ್ತದ ಮೂಟೆ ನಾನೇ ಎತ್ತಿ ಮಡಗ್ದೆ ಕಣ್ಲಾ, ಕೇಳು ಬೇಕಾದ್ರೆ."

ತಮ್ಮ ತಲೆ ಎತ್ತಲಿಲ್ಲ. "ನಾನೂ ಬ್ಯಾಡ ಅಂತ ಏಳಿ ಏಳಿ ಸಾಕಾದೆ ಅಣ್ಣ. ನನ್ನೊಬ್ಬನ ಬಾಯಿ ಕೆಟ್ರೆ ಸಾಲ್ದು ಅವ್ವಂಗೆ."

ಆ ಪುಡಿಯ ವಿಷಯ ಹೇಳಿಬಿಡುತ್ತೇನೆ. ತಮ್ಮ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವವನು. ಹಿಂದಿನ ಬೇಸಿಗೆಯಲ್ಲಿ ಕೆಲಸದ ನಡುವೆಯೇ ತಲೆ ಸಿಡಿಯುವ ನೋವು ಬಂದು ಬಿದ್ದ. ಅರ್ಧ ನೋಟ ಹೋಗಿತ್ತು, ಮಾತು ತೊದಲುತ್ತಿತ್ತು. ಒಬ್ಬರು ಮೂರ್ಛೆರೋಗ ಎಂದರು, ಇನ್ನೊಬ್ಬರು ಲಕ್ವ ಎಂದರು. ಕೊನೆಗೆ ಮೈಸೂರಿನ ನರರೋಗದ ಡಾಕ್ಟರು ಒಂದು ಅಪರೂಪದ ಕಾಯಿಲೆಯ ಹೆಸರು ಹೇಳಿದರು. ಜೀವಕೋಶದೊಳಗೆ ಕೂತು ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೇ ಸೋತಿವೆ, ಅದರ ಪೆಟ್ಟು ಮಿದುಳಿಗೆ ಬೀಳುತ್ತಿದೆ ಎಂದು ವಿವರಿಸಿದರು. ವಾಸಿ ಮಾಡುವ ಔಷಧಿ ಇಲ್ಲ. ಆರ್ಜಿನಿನ್ ಎಂಬ ಅಮೈನೊ ಆಮ್ಲದ ಪುಡಿಯನ್ನು ದಿನಕ್ಕೆ ಮೂರು ಹೊತ್ತು ಊಟದ ಜೊತೆ ಕೊಟ್ಟರೆ ಇನ್ನೊಂದು ಪೆಟ್ಟು ತಪ್ಪಬಹುದು, ತಪ್ಪದೆಯೂ ಇರಬಹುದು. ಬಂದರೆ ಕಣ್ಣನ್ನು ಒಯ್ಯುತ್ತದೋ ಮಾತನ್ನು ಒಯ್ಯುತ್ತದೋ ಹೇಳಲಾಗದು. ಒಂದು ಹೊತ್ತೂ ಬಿಡಬೇಡಿ ಎಂದಿದ್ದರು.

ಬಿಡುವ ಪ್ರಶ್ನೆಯೇ ಇರಲಿಲ್ಲ. ಆದರೆ "ಊಟದ ಜೊತೆ" ಎಂಬ ಮಾತು ಅವ್ವನ ಕಿವಿಗೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಪಂಕ್ತಿಭೇದ ಮಾಡಿದವರಿಲ್ಲ. ಲೆಕ್ಕ ಕೇಳಲು ಬಂದ ಶಾನುಭೋಗರಿಗೂ ಗೊಬ್ಬರ ಹೊರುವ ಆಳಿಗೂ ಒಂದೇ ಸಾರು ಬಡಿಸಿದ ಮನೆತನ ಅಂತ ದೊಡ್ಡಪ್ಪ ಈಗಲೂ ಹೇಳಿಕೊಳ್ಳುತ್ತಾರೆ. ಮೈಸೂರಿನಲ್ಲಿ ಕೆಲಸ ಮಾಡುತ್ತ ಭಾನುವಾರ ಮಾತ್ರ ಬರುವ ನನಗೆ ಈ ಹೊಸ ಪಂಕ್ತಿಯ ಸುದ್ದಿಯೇ ಇರಲಿಲ್ಲ.

ಕೈ ತೊಳೆದವನೇ ಅಡುಗೆಮನೆಗೆ ಹೋಗಿ ಡಬ್ಬಿ ತೆರೆದೆ. ತಿಂಗಳಿಗಾಗುವಷ್ಟು ತಂದು ವಾರವೂ ಆಗಿರಲಿಲ್ಲ, ತಳ ಕಾಣುತ್ತಿತ್ತು. ಮಾರನೆಯ ದಿನದ ಮೂರು ಹೊತ್ತಿಗೆ ಕಷ್ಟಪಟ್ಟು ಆಗುತ್ತಿತ್ತು. ಮೈಸೂರಿನ ಅಂಗಡಿಯವರಿಗೆ ಫೋನು ಮಾಡಿದರೆ, ಬೆಂಗಳೂರಿನಿಂದ ಬರಬೇಕು ಸರ್, ಐದು ದಿನ ಎಂದರು.

"ಅವ್ವ, ನಾಲ್ಕು ಜನ ಕುಡಿದ್ರೂ ಇಷ್ಟು ಬೇಗ ಮುಗಿಯಲ್ಲ. ಮಿಕ್ಕಿದ್ದೆಲ್ಲಿ?"

ಅವ್ವ ಒಲೆ ಒರೆಸುತ್ತ ಹೇಳಿದಳು, "ನರಸೀಪುರಕ್ಕೆ ಒಸಿ ಕಳಿಸ್ದೆ. ನನ್ ತಂಗಿ ಎಲೆ ಬೇರೆ ಊರಲ್ಲಿದ್ರೆ ಸಾಲು ಬೇರೆಯಾ?"

ನಾನು ಸಹನೆ ಕಳೆದುಕೊಂಡು ಏನೇನೋ ಅಂದೆ. ಅವಳು ಬಟ್ಟೆ ಹಿಂಡಿ ಗೂಟಕ್ಕೆ ಹಾಕಿದಳು. "ಡಾಕ್ಟ್ರು ಏನಂದ್ರು ಮಗ? ಇದು ತಾಯಿ ಕಡೆಯಿಂದ ಬರ್ತದೆ ಅನ್ನಲಿಲ್ವಾ? ಇಬ್ಬರನ್ನೂ ಒಂದೇ ಒಟ್ಟೇಲಿ ಒತ್ತೆ. ಕಾಯಿಲೇನ ಅವನೊಬ್ಬನಿಗೇ ಬಡ್ಸಿಬುಟ್ಟೆ."

ನಾನು ಬೈಕಿನ ಕೀಲಿ ತೆಗೆದುಕೊಂಡು ಹೊರಟೆ.

ಟಿ. ನರಸೀಪುರದಲ್ಲಿ ಚಿಕ್ಕಮ್ಮ ಬಾಗಿಲಲ್ಲೇ ಸಿಕ್ಕಳು. ಸ್ಟೀಲಿನ ಡಬ್ಬಿ ದೇವರ ಗೂಡಿನಲ್ಲಿ, ಶಿವನ ಪಟದ ಮುಂದೆ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಯಾರೂ ಕುಡಿದಿರಲಿಲ್ಲ. ನನಗೆ ಅರ್ಧ ಜೀವ ಬಂತು. ಅಷ್ಟರಲ್ಲಿ ಚಿಕ್ಕಪ್ಪ ಒಳಗಿನಿಂದ ಬಂದು, "ಅದು ಯಾವ ಮಠದ ವಿಭೂತಿನಪ್ಪ? ಹಣೇಲಿ ನಿಲ್ತದೆ, ಆದ್ರೆ ಯಾಕೋ ಅಂಟಂಟು" ಎಂದರು. ಹಣೆಯ ಮೇಲೆ ಮೂರು ಗೆರೆ ತುಂಬ ದಪ್ಪವಾಗಿಯೇ ಇದ್ದವು.

"ಅದು ತಮ್ಮನ ಔಷಧಿ ಚಿಕ್ಕಪ್ಪ."

ಅವರು ಕನ್ನಡಿ ನೋಡಿಕೊಳ್ಳಲು ಹೋದರು.

ಚಿಕ್ಕಮ್ಮನದು ಬೇರೆ ಪೇಚಾಟ. ತಾಯಿ ತೀರಿದ ಮೇಲೆ ಅಕ್ಕನ ಮನೆಯೇ ತವರು. ತವರಿನಿಂದ ಬಂದದ್ದನ್ನು ಹಿಂದಕ್ಕೆ ಕಳಿಸುವುದು ಹೇಗೆ?

"ಅವನಿಗೆ ನಾಳಿದ್ದಿಗೆ ಇಲ್ಲ ಚಿಕ್ಕಮ್ಮ."

"ಕೊಡಲ್ಲ ಅಂದೆನಾ? ವಾಪಸ್ ಕೊಡಲ್ಲ ಅಂದೆ. ಕೂತ್ಕೊ."

ಹೊಸ ಡಬ್ಬಿ ತೊಳೆದು ಒರೆಸಿ, ಪುಡಿಯನ್ನು ಅದಕ್ಕೆ ಸುರಿದು, ಎಲೆ ಅಡಿಕೆ, ಎರಡು ರಸಬಾಳೆ ಜೊತೆಗಿಟ್ಟು, ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ತಾನೇ ಹೊಸದಾಗಿ ಕೊಡುವವಳ ಹಾಗೆ ಮಡಿಲಿಗೆ ಹಾಕಿದಳು. ಪೂರ್ವಕ್ಕೆ ತಿರುಗಿದ ಹೊತ್ತಲ್ಲಿ ಆರು ದಿನದ ಔಷಧಿ ಮತ್ತೆ ನಮ್ಮದಾಯಿತು.

ಅವ್ವ ಸೋಲಲಿಲ್ಲ. ಮರುದಿನದಿಂದ ತಮ್ಮನಿಗೆ ಮಾತ್ರ ಪುಡಿ, ಉಳಿದವರ ಲೋಟಕ್ಕೆ ನೆಲಬೇವಿನ ಕಷಾಯ. ಎರಡನ್ನೂ ನಾಲಗೆಗೆ ಹಚ್ಚಿ ನೋಡಿ, ಕಹಿ ಸಮ ಬಂದ ಮೇಲೆಯೇ ಬಡಿಸುತ್ತಿದ್ದಳು. ದೊಡ್ಡಪ್ಪ ಮಂಡಿ ಮತ್ತೆ ಹಿಡಿದುಕೊಂಡಿತೆಂದು ಗೊಣಗಿದರು.

ದೀಪಾವಳಿ ಕಳೆದ ಮೇಲೆ ತಮ್ಮನಿಗೆ ಇನ್ನೊಂದು ಸಲ ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ಅದೇ ಆರ್ಜಿನಿನ್ನನ್ನು ಡ್ರಿಪ್ ಹಾಕಿ ಕೊಟ್ಟರು. ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟು, "ಇವತ್ತು ಯಾವ ವಾರ?" ಎಂದು ಕೇಳಿದ. ಗುರುವಾರ ಎಂದೆ. "ಶಿಫ್ಟಿಗೆ ಬರಲ್ಲ ಅಂತ ಏಳಿದ್ದೀಯಾ?" ಎಂದ. ಹೇಳಿದ್ದೇನೆ ಎಂದೆ. ಅವನು ಮಗ್ಗುಲಾಗಿ ಮತ್ತೆ ನಿದ್ದೆ ಹೋದ.